ಪಂಕಜಾಕ್ಷಿ ಮೀನು ಬಿಟ್ಟದ್ದು

ಬೇರೆಯವರ ಮನೆಗೆ ಗಲ್ಫಿನಿಂದ ಸಾಮಾನು ಬರುತ್ತಿದ್ದರೆ, ತ್ಯಾಂಪಣ್ಣ ರೈಗಳ ಮನೆಯಿಂದ ಗಲ್ಫಿಗೆ ಸಾಮಾನು ಹೋಗುತ್ತಿತ್ತು. ಆ ಕಾಲದ ಪುತ್ತೂರು ಕಡೆಯ ಸವಣೂರು ಪೇಟೆ ಎಷ್ಟು ದೊಡ್ಡದು? ಈ ತುದಿಯಲ್ಲಿ ಸೀನಿದರೆ ಆ ತುದಿಯಲ್ಲಿ ಕೇಳುತ್ತಿತ್ತು. ಅಂಥ ಪೇಟೆಯಲ್ಲಿ ಇದು ನಗೆಯ ಮಾತಾಗದೆ ಉಳಿದೀತೇ? ಅದ್ರಾಮನ ಮಗ ಟೇಪ್ ರೆಕಾರ್ಡರ್ ತಂದ, ಇನ್ನೊಬ್ಬರ ಅಳಿಯ ಹುಲಿಯ ಚಿತ್ರದ ಕಂಬಳಿ ತಂದ. ರೈಗಳ ತಂಗಿಯ ಮಗ ಸರ್ವೋತ್ತಮನಿಗೆ ಮಾತ್ರ ಇಲ್ಲಿಂದಲೇ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಹುರಿದು ಕುಟ್ಟಿದ ಮಸಾಲೆ ಪುಡಿ, ಒಣಮೀನು. ರಜೆ ಮುಗಿಸಿ ಯಾರು ಹೊರಟರೂ ಸರಿ, ಹೊರಡುವ ದಿನ ಅವರ ಜಗಲಿಯಲ್ಲಿ ಸರ್ವೋತ್ತಮನ ಅಕ್ಕ ಪಂಕಜಾಕ್ಷಿ ಒಂದು ಹಾಳೆಯ ಕಟ್ಟು ಹಿಡಿದು ನಿಂತಿರುತ್ತಿದ್ದಳು. ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ, ಮಡಚಿ, ಬಾಳೆನಾರಿನಿಂದ ಬಿಗಿದ ಕಟ್ಟು. ಒಳಗಿನ ಪುಡಿ ಒಂದು ಚಿಟಿಕೆಯೂ ಹೊರಗೆ ಉದುರದು.

“ಅಲ್ಲ ಪಂಕಜಕ್ಕ, ಅಲ್ಲಿ ತಿನ್ಲಿಕ್ಕೆ ಸಿಗುದಿಲ್ವಾ?” ಎಂದು ಯಾರಾದರೂ ಕೇಳಿದರೆ ಅವಳ ಉತ್ತರ ಒಂದೇ.

“ಸಿಗ್ತದೆ. ಆದ್ರೆ ಬೇರೆಯವರ ರೂಮಿನಲ್ಲಿ ಬರಿಗೈಯಲ್ಲಿ ಕೂತು ಉಣ್ಬಾರ್ದು.”

ಆದದ್ದಿಷ್ಟು. ಸರ್ವೋತ್ತಮ ಎಂಬತ್ತೆರಡರ ಬೇಸಿಗೆಯಲ್ಲಿ ಮಸ್ಕತ್ತಿಗೆ ಹೋದ. ಗೋಡೌನು ನೋಡಿಕೊಳ್ಳುವ ಕೆಲಸ ಎಂದು ಬೊಂಬಾಯಿಯ ಯಾವನೋ ಏಜೆಂಟ್ ಹೇಳಿದ್ದ. ಇವನು ವಿಮಾನ ಇಳಿಯುವುದಕ್ಕೂ ಆ ಕಂಪೆನಿ ಬಾಗಿಲು ಹಾಕುವುದಕ್ಕೂ ಸರಿಹೋಯಿತು. ಅಲ್ಲಿದ್ದ ಸವಣೂರಿನ ಕುಂಞಿ ಮೋನು ಇವನನ್ನು ತನ್ನ ರೂಮಿಗೆ ಕರೆದುಕೊಂಡು ಹೋದ. ರೂಮೆಂದರೆ ಒಂದು ಕೋಣೆ, ಅದರೊಳಗೆ ಪುತ್ತೂರು, ಕಡಬ, ಸುಳ್ಯ ಕಡೆಯ ಹತ್ತು ಹನ್ನೊಂದು ಗಂಡಸರು. ‘ಕೆಲಸ ಆಗುವವರೆಗೆ ಇಲ್ಲೇ ಇರು’ ಎಂದರು. ಆ ‘ಆಗುವವರೆಗೆ’ ಒಂದು ಮಳೆಗಾಲ ದಾಟಿತು, ಇನ್ನೊಂದನ್ನೂ ದಾಟಿತು. ಸರ್ವೋತ್ತಮ ಸುಳ್ಳು ಹೇಳುವ ಹುಡುಗನಲ್ಲ. ಕೆಲಸ ಇಲ್ಲ, ಹುಡುಕುತ್ತಿದ್ದೇನೆ ಎಂದೇ ಊರಿಗೆ ತಿಳಿಸಿದ್ದ.

ಸುದ್ದಿ ಬಂದ ದಿನ ತ್ಯಾಂಪಣ್ಣ ರೈಗಳು ಮನೆ ಹಾರಿ ಹೋಗುವ ಹಾಗೆ ಬೊಬ್ಬೆ ಹಾಕಿದರು. ಏಜೆಂಟನಿಗೆ ಬೈದರು, ವಿಮಾನಕ್ಕೆ ಬೈದರು, ಅಂಗಳದಲ್ಲಿ ಒಣಗಿದ್ದ ಅಡಿಕೆಗೂ ಬೈದರು. ಬೈದು ಸುಸ್ತಾದ ಮೇಲೆ ಮನೆಯ ಹಿಂದಿನ ಕಲ್ಲುರ್ಟಿ ದೈವದ ಗುಡಿಯ ಮುಂದೆ ಹೋಗಿ ನಿಂತರು. ರೈಗಳು ಈ ಅಕ್ಕತಮ್ಮಂದಿರ ಸೋದರಮಾವ. ಬಂಟರ ಮನೆಯಲ್ಲಿ ಸೋದರಮಾವನೆಂದರೆ ಅಪ್ಪನಿಗಿಂತ ಒಂದು ತೂಕ ಹೆಚ್ಚು. ಹೆಂಡತಿ ಅಕ್ಕು ಪಂಜದಲ್ಲಿ ತನ್ನ ತಾಯಿಮನೆಯಲ್ಲಿದ್ದರೆ, ರೈಗಳು ಇಲ್ಲಿ ತೀರಿಹೋದ ತಂಗಿಯ ಮಕ್ಕಳ ಮನೆಯ ಯಜಮಾನರು.

ಆ ಯಜಮಾನರಿಗೆ ಜೀವನದಲ್ಲಿ ಒಂದೇ ಹುಚ್ಚು, ಕೋಳಿ ಅಂಕ. ಹುಂಜಗಳ ಕಾಲಿಗೆ ಬಾಳು ಎಂಬ ಪುಟ್ಟ ಕತ್ತಿ ಕಟ್ಟಿ ಕಾದಾಡಿಸುವುದು. ಕಡಬದಲ್ಲಿ ಅಂಕ ಉಂಟಂತೆ ಎಂದರೆ ಜ್ವರ ಬಂದವರು ಎದ್ದು ಹೊರಡುತ್ತಿದ್ದರು. ಆಗ ಅವರ ಹತ್ತಿರ ಕೆಂಪು ಮೈಯ ಒಂದು ಹುಂಜ ಇತ್ತು. ತುಳುವಿನಲ್ಲಿ ಆ ಬಣ್ಣಕ್ಕೆ ಕೆಮ್ಮೈರ ಎನ್ನುತ್ತಾರೆ, ಹುಂಜದ ಹೆಸರೂ ಅದೇ. ಸೋತದ್ದೇ ಇಲ್ಲ. ಸ್ವಂತ ಕೈಯಿಂದ ರಾಗಿ ತಿನ್ನಿಸುತ್ತಿದ್ದರು. ಮನೆಯ ಮಕ್ಕಳಿಗೆ ಎಂದಾದರೂ ಹಾಗೆ ತಿನ್ನಿಸಿದ್ದುಂಟೇ? ಆ ದಿನ ಕಲ್ಲುರ್ಟಿಯ ಮುಂದೆ ರೈಗಳು, “ಅಮ್ಮಾ, ಹುಡುಗನಿಗೆ ಒಂದು ಕೆಲಸ ಆಗ್ಲಿ. ಆದ ದಿನ ಈ ಕೆಮ್ಮೈರನನ್ನೇ ನಿನಗೆ ಅಗೆಲಿಗೆ ಕೊಡ್ತೇನೆ. ಅಲ್ಲಿವರೆಗೆ ನಾನು ಅಂಕಕ್ಕೆ ಹೋಗುದಿಲ್ಲ” ಎಂದು ಹರಕೆ ಹೇಳಿದರು. ಅಗೆಲು ಎಂದರೆ ಕೋಳಿಯ ಪದಾರ್ಥ, ಅನ್ನ ಎಲ್ಲ ಮಾಡಿ ಬಾಳೆ ಎಲೆಯಲ್ಲಿ ದೈವಕ್ಕೆ ಬಡಿಸಿ, ಅರಿಕೆ ಮಾಡಿಕೊಂಡು, ಆಮೇಲೆ ಮನೆಯವರೆಲ್ಲ ಅದನ್ನೇ ಉಣ್ಣುವುದು.

ಅವರ ಹಿಂದೆ ಪಂಕಜಾಕ್ಷಿಯೂ ಕೈಮುಗಿದು ನಿಂತಿದ್ದಳು. ಮಾರನೆಯ ದಿನ ಮೀನಿನವ ಸೈಕಲಿನಲ್ಲಿ ಪೋಂ ಪೋಂ ಎಂದು ಬಂದಾಗ ಮಾವನಿಗೆ ಸಾಕಾಗುವಷ್ಟು ಮಾತ್ರ ಬೂತಾಯಿ ತೆಗೆದುಕೊಂಡಳು. ರೈಗಳು ಎರಡು ದಿನ ಗಮನಿಸಲಿಲ್ಲ. ಮೂರನೆಯ ದಿನ, “ನಿನ್ನ ಬಟ್ಟಲಿನಲ್ಲಿ ಎಂತದ್ದು ಅದು, ಉಪ್ಪಿನಕಾಯಿ ಮಾತ್ರ?” ಎಂದರು.

“ಮೀನು ಬಿಟ್ಟಿದ್ದೇನೆ. ಕೋಳಿಯೂ. ಅವನಿಗೆ ಕೆಲಸ ಆಗುವವರೆಗೆ.”

ಮೀನು ಬಿಡುವುದು ಘಟ್ಟದ ಮೇಲಿನವರಿಗೆ ದೊಡ್ಡದಲ್ಲದೆ ಇರಬಹುದು. ಹುಟ್ಟಿದಂದಿನಿಂದ ಮೀನಿಲ್ಲದ ಊಟವನ್ನು ಊಟದ ಲೆಕ್ಕಕ್ಕೇ ಹಿಡಿಯದ ಮನೆಯವಳಿಗೆ ಅದು ಹೇಗಿರುತ್ತದೆ ಎಂಬುದನ್ನು ಬಿಟ್ಟೇ ನೋಡಬೇಕು. ಮೊದಮೊದಲು ಕಾವಲಿಯಲ್ಲಿ ಮೀನು ಚುಂಯ್ ಎಂದಾಗ ಅವಳ ಬಾಯಲ್ಲಿ ನೀರು ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಕೊನೆಕೊನೆಗೆ ಯಾವುದಕ್ಕೂ ರುಚಿಯೇ ಇಲ್ಲದಾಯಿತು. ಬೆಳಿಗ್ಗೆ ಏಳುವುದು, ಗಂಜಿ ಬೇಯಿಸುವುದು, ಅರೆಯುವುದು, ಕೊಟ್ಟಿಗೆಗೆ ಹೋಗುವುದು, ಅಂಗಳದ ಅಡಿಕೆ ತಿರುವುವುದು, ಮತ್ತೆ ಅರೆಯುವುದು. ಒಂದು ದಿನ ಹೋಗಿ ಇನ್ನೊಂದು ದಿನ ಬಂದದ್ದು ಅವಳಿಗೆ ತಿಳಿಯುತ್ತಿದ್ದದ್ದು ಮೀನಿನವನ ಹಾರ್ನಿನಿಂದ.

ತಾಯಿ ತೀರಿಕೊಂಡಾಗ ಸರ್ವೋತ್ತಮನಿಗೆ ಹಲ್ಲು ಸರಿಯಾಗಿ ಬಂದಿರಲಿಲ್ಲ. ಅವನಿಗೆ ಅನ್ನ ಹಿಸುಕಿ ತಿನ್ನಿಸಿ, ಮುಳ್ಳು ತೆಗೆದು ಮೀನು ತಿನ್ನಿಸಿ ಬೆಳೆಸಿದವಳು ಇವಳು. ಇವಳಿಗೂ ಸಂಬಂಧಗಳು ಬಂದವು, ಹೋದವು. ಇವಳು ಹೋದರೆ ಈ ಮನೆಯಲ್ಲಿ ಒಲೆ ಹೊತ್ತಿಸುವವರು ಯಾರು ಎಂದು ಯಾರೂ ಬಾಯಿ ಬಿಟ್ಟು ಕೇಳಲಿಲ್ಲ, ಎಲ್ಲರ ಮನಸ್ಸಿನಲ್ಲಿ ಇದ್ದದ್ದು ಅದೇ. ನೆಂಟರ ಮನೆಯಲ್ಲಿ ಬಾಣಂತಿಯೋ ಮದುವೆಯೋ ಇದ್ದರೆ ರೈಗಳು ತಟ್ಟನೆ, “ನಮ್ಮ ಪಂಕಜನನ್ನು ಕಳಿಸ್ತೇನೆ ಮಾರಾಯ್ರೆ, ಅವಳಿಗೆ ಇಲ್ಲಿ ಎಂತ ಕೆಲಸ?” ಎನ್ನುತ್ತಿದ್ದರು. ಕಳಿಸಿ ಎರಡು ದಿನ ಆಗುವುದರೊಳಗೆ ಹಸಿದ ಮುಖ ಹೊತ್ತು ಅವರೇ ಕರೆಯಲು ಬರುತ್ತಿದ್ದರು. ಕೆಲಸವಿಲ್ಲದವಳನ್ನು ಯಾಕೆ ಇಷ್ಟು ಬೇಗ ಕರೆದುಕೊಂಡು ಹೋಗುತ್ತೀರಿ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಸಾಹುಲ್ ಹಮೀದರ ಜಿನಸಿನ ಅಂಗಡಿಗೆ ಮಸ್ಕತ್ತಿನಿಂದ ಫೋನು ಬಂತು. ಆ ಕಡೆಯಿಂದ ಸರ್ವೋತ್ತಮ. “ಸಾಹೇಬ್ರೆ, ಕೆಲಸ ಆಯ್ತು ಅಂತ ಮನೆಗೆ ಹೇಳಿ. ಅಕ್ಕನಿಗೆ ಹೇಳಿ” ಎಂದವನು ಹೆಚ್ಚು ಮಾತಾಡದೆ ಇಟ್ಟ. ಸಾಹುಲ್ ಹಮೀದರು ಅಂಗಡಿಯನ್ನು ತೆರೆದೇ ಬಿಟ್ಟು ಓಡಿದರು. ರೈಗಳು ಕ್ಷೌರಕ್ಕೆ ಕೂತಿದ್ದರು. ಅರ್ಧ ಗಡ್ಡ ಹೋಗಿತ್ತು, ಅರ್ಧ ಇತ್ತು. ಅದೇ ಮುಖದಲ್ಲಿ ಪೇಟೆ ಇಡೀ ತಿರುಗಿ ಸುದ್ದಿ ಹೇಳಿದರು. ಇಷ್ಟು ದಿನ ನಕ್ಕವರ ಅಂಗಡಿಗೆ ಬೇಕೆಂದೇ ಎರಡು ಸಲ ಹೋದರು.

ಮನೆಗೆ ಬಂದು, “ಪಂಕಜಾ, ಬರುವ ಮಂಗಳವಾರ ಅಗೆಲು. ಪಂಜದಿಂದ ನಿನ್ನ ಅತ್ತೆಯನ್ನೂ ಕರ್ಕೊಂಡು ಬರ್ತೇನೆ. ಇನ್ನು ನೀನು ಮೀನು ತಿನ್ಬಹುದು” ಎಂದರು.

“ಅಗೆಲು ಆಗ್ಲಿ. ಆಮೇಲೆ ತಿಂತೇನೆ” ಎಂದಳು ಅವಳು. ಖುಷಿಯಾಗಬೇಕಿತ್ತು. ಇಷ್ಟು ದಿನ ಕಾದದ್ದು ಇದಕ್ಕೇ ಅಲ್ಲವೇ? ಖುಷಿ ಬರುತ್ತದೆ, ಈಗ ಬರುತ್ತದೆ ಎಂದು ಅವಳು ಅರೆಯುವ ಕಲ್ಲಿನ ಮುಂದೆ ಕೂತು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ತೆಂಗಿನಕಾಯಿ ಒಣಗುತ್ತಿತ್ತು, ಅರೆದಳು.

ಮಂಗಳವಾರ ಬೆಳಿಗ್ಗೆ ರೈಗಳು ಹೆಂಡತಿಯನ್ನು ಕರೆತರಲು ಬಸ್ಸಿಗೆ ಹೋದರು. ಕೆಮ್ಮೈರನನ್ನು ಅಂಗಳದ ಮೂಲೆಯಲ್ಲಿ ಬುಟ್ಟಿ ಕವುಚಿ ಇಟ್ಟಿದ್ದರು. ಅದು ಒಳಗಿನಿಂದಲೇ ಗತ್ತಿನಲ್ಲಿ ಕೂಗುತ್ತಿತ್ತು. ಪಂಕಜಾಕ್ಷಿ ಮೆಣಸು ಹುರಿದು ಇಳಿಸುವಾಗ ಅಂಗಳದಾಚೆಯ ದಣಪೆ ಬಾಗಿಲ ಹತ್ತಿರ, “ಅಕ್ಕಾ” ಎಂದು ಯಾರೋ ಕರೆದರು. ನೋಡಿದರೆ ಕುಂಞಿ ಮೋನು. ನಿನ್ನೆಯಷ್ಟೇ ರಜೆಯಲ್ಲಿ ಬಂದವನು, ಇವತ್ತು ಮೊದಲು ಇಲ್ಲಿಗೇ ಬಂದಿದ್ದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ.

“ಬಾ ಮೋನು, ಕೂತ್ಕೋ. ಉಮ್ಮ ಹೇಗಿದ್ದಾರೆ?” ಎಂದು ಅವನ ತಾಯಿಯನ್ನು ವಿಚಾರಿಸಿ ಬೆಲ್ಲ, ನೀರು ಕೊಟ್ಟಳು. ಚೀಲದಲ್ಲಿ ಒಂದು ಟಾರ್ಚು, ಒಂದು ನೈಲೆಕ್ಸ್ ಸೀರೆ, ಮಾವನಿಗೊಂದು ಅತ್ತರಿನ ಕುಪ್ಪಿ ಇದ್ದವು.

“ಹೊಸ ಕೆಲಸದ ಸಂಬಳ ಇಷ್ಟು ಬೇಗ ಸಿಕ್ಕಿತಾ? ಅದ್ರಲ್ಲಿ ತೆಗೆದದ್ದಾ?” ಎಂದು ಕೇಳಿದಳು.

ಕುಂಞಿ ಮೋನು ಬೆಲ್ಲದ ತುಂಡನ್ನು ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡ. “ರೂಮಿನವರೆಲ್ಲ ಸೇರಿ ಕೊಟ್ಟದ್ದು ಅಕ್ಕ” ಎಂದ. ಆ ತುಂಡನ್ನು ಪಕ್ಕಕ್ಕೆ ಇಟ್ಟು, “ನಿಮ್ಮ ಹತ್ರ ನನಗೆ ಸುಳ್ಳು ಹೇಳ್ಲಿಕ್ಕೆ ಆಗುದಿಲ್ಲ. ಅವನಿಗೆ ಕೆಲಸ ಆಗ್ಲಿಲ್ಲ” ಎಂದ.

“ಮತ್ತೆ ಅವ ಎಂತ ಮಾಡುದು?”

“ಅಡಿಗೆ. ನಮ್ಮ ರೂಮಿಗೆ. ಕೆಲಸ ಇಲ್ಲದವರು ಅಡಿಗೆ ಮಾಡುದು, ಕೆಲಸ ಇದ್ದವರು ಸಾಮಾನು ತರುದು. ಅಲ್ಲಿ ಎಲ್ಲ ರೂಮಿನಲ್ಲೂ ಹಾಗೇ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುದು ಅವ, ಕಡೆಗೆ ಮಲಗುದೂ ಅವ. ಬಟ್ಟಲು ತೊಳೆಯುದು, ಗುಡಿಸುದು, ನಾನು ಜ್ವರ ಬಂದು ಮಲಗಿದಾಗ ಗಂಜಿ ಕೊಟ್ಟದ್ದು, ಎಲ್ಲ ಅವನೇ. ಆದ್ರೆ ಕೆಲಸ ಇಲ್ಲ ಅಕ್ಕ. ಮಧ್ಯಾಹ್ನ ಬಿಸಿಲಿಗೆ ಹೋಗಿ ಹುಡುಕಿ ಬರ್ತಾನೆ. ಇಲ್ಲ.”

ಪಂಕಜಾಕ್ಷಿ ಹುರಿದ ಮೆಣಸನ್ನು ನೋಡುತ್ತಿದ್ದಳು. ಬಿಸಿ ಆರುವ ಮೊದಲು ಕುಟ್ಟಬೇಕು ಎಂಬುದೊಂದೇ ತಲೆಯಲ್ಲಿ ಬಂತು.

“ಮತ್ತೆ ಫೋನು ಯಾಕೆ ಮಾಡಿದ?”

“ಅದು ನಮ್ಮಿಂದ ಆದ ತಪ್ಪು. ಉಮ್ಮ ಕ್ಯಾಸೆಟ್ಟಿನಲ್ಲಿ ಊರ ಸುದ್ದಿ ಮಾತಾಡಿ ಕಳಿಸ್ತಾರಲ್ಲ, ರೂಮಿನಲ್ಲಿ ಎಲ್ಲರೂ ಕೂತು ಕೇಳುದು. ಅವ ಆ ದಿನ ಮೀನು ಕಾಯಿಸ್ತಾ ಇದ್ದ. ಉಮ್ಮ ಹೇಳ್ತಾರೆ, ರೈಗಳು ಅಂಕ ಬಿಟ್ಟಿದ್ದಾರೆ, ಪಂಕಜಕ್ಕ ಮೀನು ಬಿಟ್ಟು ವರ್ಷ ಆಯ್ತು, ಕಡ್ಡಿಯ ಹಾಗೆ ಆಗಿದ್ದಾರೆ ಅಂತ. ನಾನು ಟೇಪು ಬಂದ್ ಮಾಡುವ ಅಂತ ಎದ್ದೆ. ಅಷ್ಟರಲ್ಲಿ ಕೇಳಿ ಆಗಿತ್ತು. ಕಾವಲಿಯಲ್ಲಿದ್ದ ಮೀನು ಕರಿ ಆಯ್ತು. ಆ ದಿನ ಯಾರೂ ಅವನಿಗೆ ಎಂತ ಹೇಳ್ಲಿಲ್ಲ. ಮರುದಿನ ಬೆಳಿಗ್ಗೆ, ಫೋನು ಮಾಡ್ಬೇಕು, ಬಾ ಅಂತ ನನ್ನನ್ನು ಕರ್ಕೊಂಡು ಹೋದ.”

ಬುಟ್ಟಿಯೊಳಗೆ ಕೆಮ್ಮೈರ ಮತ್ತೊಮ್ಮೆ ಕೂಗಿತು. ಕುಂಞಿ ಮೋನು ಅತ್ತ ನೋಡಿದ. ಹಿಂದಿನ ಗುಡಿ ಸಾರಿಸಿದ್ದನ್ನೂ, ಜಗಲಿಯಲ್ಲಿ ಬಾಳೆ ಎಲೆ ಕೊಯ್ದಿಟ್ಟದ್ದನ್ನೂ ಆಗಲೇ ಅವನು ಕಂಡದ್ದು. ಆ ಊರಲ್ಲಿ ಹುಟ್ಟಿದವನಿಗೆ ಇದೇನೆಂದು ಬಿಡಿಸಿ ಹೇಳಬೇಕೇ? ಅವನ ಮುಖ ಸಪ್ಪಗಾಯಿತು.

“ಯಾ ಅಲ್ಲಾ. ಅಗೆಲು ಇವತ್ತಾ?” ಎಂದ.

“ಹೌದು.”

“ರೈಗಳಿಗೆ ನಾನೇ ಹೇಳ್ತೇನೆ ಅಕ್ಕ. ಬೈದ್ರೆ ಬೈಯಲಿ.”

“ನೀನು ಹೇಳುದು ಬೇಡ. ನೀನು ಮನೆಗೆ ಹೋಗು.”

ಅವನು ಎದ್ದ. ದಣಪೆಯವರೆಗೆ ಹೋದವನು ತಿರುಗಿ ಬಂದ. “ಅವ ನನ್ನ ಹತ್ರ ಒಂದೇ ಕೇಳಿದ್ದು. ಅಕ್ಕ ಮೀನು ತಿನ್ಲಿಕ್ಕೆ ಶುರು ಮಾಡಿದ್ರಾ, ನೋಡಿ ಬಾ ಅಂತ. ಬೇರೆ ಎಂತ ಕೇಳ್ಲಿಲ್ಲ” ಎಂದು ಹೇಳಿ ಹೋದ.

ಪಂಕಜಾಕ್ಷಿಗೆ ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಕೈಕಾಲು ಮರಗಟ್ಟಿದ ಹಾಗೆ ಮನಸ್ಸು ಮರಗಟ್ಟುವುದೂ ಉಂಟು. ಒಳಗೆ ಹೋಗಿ ಮೆಣಸು ಕುಟ್ಟಿದಳು. ಕುಟ್ಟುತ್ತಾ ಯೋಚಿಸಿದಳು. ಹೇಳಿದರೆ ಮಾವ ಬೊಬ್ಬೆ ಹಾಕುತ್ತಾರೆ. ಅರ್ಧ ಗಡ್ಡದಲ್ಲಿ ಪೇಟೆ ಸುತ್ತಿದ ಮನುಷ್ಯ ನಾಳೆ ಅದೇ ಪೇಟೆಯಲ್ಲಿ ತಲೆ ತಗ್ಗಿಸಿ ನಡೆಯಬೇಕು. ‘ಸಾಕು, ಬಂದುಬಿಡು’ ಎಂದು ಹುಡುಗನನ್ನು ಕರೆಸುತ್ತಾರೆ. ಬಂದವನು ಸುಳ್ಳ ಎಂದು ಹೆಸರು ಹೊತ್ತುಕೊಂಡೇ ಈ ಅಂಗಳದಲ್ಲಿ ಬದುಕಬೇಕು. ಹೇಳದಿದ್ದರೆ? ಆಗದ ಕೆಲಸಕ್ಕೆ ಕಲ್ಲುರ್ಟಿಯ ಮುಂದೆ ಹರಕೆ ಸಂದಾಯ. ಮನುಷ್ಯರಿಗೆ ಸುಳ್ಳು ಹೇಳಿದರೆ ಮನುಷ್ಯರು ಮರೆತಾರು. ದೈವಕ್ಕೆ ಸುಳ್ಳು ಹೇಳಿದವರು ಆ ಮನೆಯಲ್ಲಿ ಇದುವರೆಗೆ ಯಾರೂ ಇಲ್ಲ. ಮತ್ತೆ ಅಗೆಲಿನ ಕೋಳಿಯನ್ನು ಅವಳೂ ಉಣ್ಣಬೇಕು, ತಮ್ಮನಿಗೆ ಕೆಲಸ ಆಗಿಲ್ಲವೆಂದು ಗೊತ್ತಿದ್ದೂ.

ಮಾವ ಬಂದ ಕೂಡಲೇ ಹೇಳಿಬಿಡುವುದು ಎಂದುಕೊಂಡಳು. ರೈಗಳು ಬಂದರು. ಹಿಂದೆ ಅಕ್ಕು, ಕೈಯಲ್ಲಿ ಮಲ್ಲಿಗೆಯ ಚೆಂಡು. ರೈಗಳು ಅಂಗಿ ಕೂಡ ತೆಗೆಯದೆ ನೇರ ಬುಟ್ಟಿಯ ಹತ್ತಿರ ಹೋಗಿ ಹುಂಜವನ್ನು ಎತ್ತಿಕೊಂಡರು. ಅದರ ಕೊರಳು ಸವರುತ್ತಾ, “ಹೋಗುದು ಮಾರಾಯ ನೀನು. ನಮ್ಮ ಹುಡುಗನಿಗೆ ಕೆಲಸ ತೆಗೆಸಿ ಕೊಟ್ಟು ಹೋಗುದು. ಬಾಳಿನ ಪೆಟ್ಟಿಗೆ ಸಾಯ್ಲಿಲ್ಲ ನೀನು, ಅಮ್ಮನ ಎಲೆಗೆ ಹೋಗುದು” ಎಂದರು. ಹೇಳುತ್ತಾ ಕಣ್ಣು ಒರೆಸಿಕೊಂಡರು. ತಂಗಿ ಸತ್ತಾಗಲೂ ಅತ್ತವರಲ್ಲ ಅವರು.

ಪಂಕಜಾಕ್ಷಿ ಬಾಗಿಲಲ್ಲಿ ನಿಂತಿದ್ದಳು. ಬಾಯಿ ತೆರೆದಳು. ಮಾತು ಬರಲಿಲ್ಲ. ಹೆದರಿಕೆಯಿಂದ ಅಲ್ಲ, ಬರಲೇ ಇಲ್ಲ ಅಷ್ಟೆ. ರೈಗಳು ಹುಂಜವನ್ನು ಹಿಡಿದುಕೊಂಡು ಹಿತ್ತಿಲಿಗೆ ಹೋದರು.

ಅಗೆಲಿನ ಅಡಿಗೆಗೆ ಉಪ್ಪು ನೋಡುವ ಹಾಗಿಲ್ಲ, ದೈವಕ್ಕಿಂತ ಮೊದಲು ನಾಲಿಗೆಗೆ ತಾಗಬಾರದು. ಪಂಕಜಾಕ್ಷಿಗೆ ನೋಡುವ ಅಗತ್ಯವೂ ಇರಲಿಲ್ಲ. ಕೈ ತನ್ನಷ್ಟಕ್ಕೆ ಹುರಿಯಿತು, ಅರೆಯಿತು, ಕಾಯಿಹಾಲು ಹಿಂಡಿತು. ಮಸ್ಕತ್ತಿನ ಆ ಕೋಣೆಯಲ್ಲಿ ಈಗ ಅವನೂ ಅರೆಯುತ್ತಿರಬಹುದು ಎನಿಸಿತು. ಅಲ್ಲಿ ಅರೆಯುವ ಕಲ್ಲು ಉಂಟೋ ಇಲ್ಲವೋ. ಅದಕ್ಕೇ ಇರಬೇಕು, ಊರಿಗೆ ಬರುವವರ ಹತ್ತಿರವೆಲ್ಲ ಪುಡಿ ಕಳಿಸು, ಪುಡಿ ಕಳಿಸು ಎಂದು ಹೇಳುತ್ತಿದ್ದದ್ದು. ಬೇರೆ ಏನೂ ಬೇಡ, ಪುಡಿ ಒಂದಿದ್ದರೆ ಸಾಕು ಎಂದಾಗ, ಹುಡುಗನಿಗೆ ಮನೆಯ ರುಚಿ ನೆನಪಾಗುತ್ತದೆ ಎಂದು ಇವಳು ಹಿಗ್ಗಿದ್ದಳು.

ಸಂಜೆ ಗುಡಿಯ ಮುಂದೆ ದೀಪ ಇಟ್ಟರು. ಎಲೆಗಳಲ್ಲಿ ಅನ್ನ, ಕೋಳಿಯ ಪದಾರ್ಥ ಬಡಿಸಿದರು. ರೈಗಳು ಕೈಯಲ್ಲಿ ಅಕ್ಕಿಕಾಳು ಹಿಡಿದು ದೊಡ್ಡ ಸ್ವರದಲ್ಲಿ ಅರಿಕೆ ಮಾಡಿಕೊಂಡರು. “ಅಮ್ಮಾ, ನೀನು ನಡೆಸಿ ಕೊಟ್ಟೆ. ಪರದೇಶದಲ್ಲಿ ನಮ್ಮ ಹುಡುಗನಿಗೆ ಕೆಲಸ ಆಯ್ತು. ಹೇಳಿದ ಹರಕೆ ಇಗೋ, ಒಪ್ಪಿಸಿದ್ದೇವೆ.”

ಹಿಂದೆ ಕೈಮುಗಿದು ನಿಂತ ಪಂಕಜಾಕ್ಷಿಗೆ ಕುಂಞಿ ಮೋನು ಹೇಳಿದ್ದು ಕಿವಿಯಲ್ಲಿ ಹಾಗೇ ಕೂತಿತ್ತು. ಎಲ್ಲರಿಗಿಂತ ಮೊದಲು ಏಳುವುದು ಅವನು, ಕಡೆಗೆ ಮಲಗುವುದೂ ಅವನು, ಆದರೆ ಕೆಲಸ ಇಲ್ಲ. ಇದನ್ನು ಬೇರೆ ಎಲ್ಲೋ ಕೇಳಿದ್ದೇನಲ್ಲ ಎಂದು ಯೋಚಿಸಿದಳು. ಮಾವನ ಬಾಯಿಂದಲೇ ಎಂದು ಹೊಳೆದಾಗ ಕೈಮುಗಿದದ್ದನ್ನು ಬಿಟ್ಟಳು, ಮತ್ತೆ ಮುಗಿದಳು.

ಊಟಕ್ಕೆ ಕೂತರು. ರೈಗಳು, ಅಕ್ಕು, ಪಕ್ಕದ ಮನೆಯ ಇಬ್ಬರು, ಕೊನೆಯಲ್ಲಿ ಪಂಕಜಾಕ್ಷಿ. ರೈಗಳು ತಾವೇ ಎದ್ದು ಬಂದು ಅವಳ ಎಲೆಗೆ ದೊಡ್ಡ ತುಂಡೊಂದನ್ನು ಹಾಕಿ, “ತಿನ್ನು. ನಿನ್ನ ಹರಕೆಯೂ ಮುಗೀತು” ಎಂದರು. ಅವಳು ಎಲೆಯನ್ನು ನೋಡುತ್ತಾ ಕೂತಳು.

ಅಕ್ಕು ಅಡ್ಡ ಬಾಯಿ ಹಾಕದೆ ಇದ್ದರೆ ಅವಳು ಪಂಜದ ಹೆಂಗಸೇ ಅಲ್ಲ. “ಅಲ್ಲ, ಎಲ್ಲರೂ ಕೆಲಸ ಆಯ್ತು, ಕೆಲಸ ಆಯ್ತು ಅಂತೀರಲ್ಲ. ಎಂತ ಕೆಲಸ ಅಂತ ಯಾರಾದ್ರೂ ಕೇಳಿದ್ದೀರಾ?” ಎಂದಳು.

ರೈಗಳ ಕೈ ತಡೆಯಿತು. ನಿಜ, ಕೇಳಿರಲಿಲ್ಲ. “ಆ ಬ್ಯಾರಿ ಹುಡುಗ ಬೆಳಿಗ್ಗೆ ಬಂದಿದ್ದನಂತಲ್ಲ, ಎಂತ ಹೇಳಿದ? ಎಂತ ಕೆಲಸ ಅಂತೆ ಪಂಕಜಾ?” ಎಂದರು.

ಅಗೆಲಿನ ಎಲೆಯ ಮುಂದೆ ಕೂತು ಸುಳ್ಳು ಹೇಳುವುದು ಅವಳಿಂದ ಆಗುವ ಮಾತಲ್ಲ.

“ಅಡಿಗೆ” ಎಂದಳು.

“ಅಡಿಗೆಯಾ? ಹೋಟ್ಲಿನಲ್ಲಾ?”

“ಅಲ್ಲ. ಇದ್ದ ಕಡೆಯೇ. ರೂಮಿನವರಿಗೆ. ಅಡಿಗೆ ಮಾಡುದು, ಪಾತ್ರೆ ತೊಳೆಯುದು, ಗುಡಿಸುದು. ಹುಷಾರಿಲ್ಲದವರನ್ನು ನೋಡಿಕೊಳ್ಳುದು.”

“ಅದೆಂತ ಕೆಲಸ?” ಎಂದು ಅಕ್ಕು ನಕ್ಕಳು. “ಸಂಬಳ ಎಷ್ಟಂತೆ ಅದಕ್ಕೆ?”

“ನನಗೆಷ್ಟೋ ಅಷ್ಟೇ ಅತ್ತೆ.”

ಅವಳು ಅದನ್ನು ಚುಚ್ಚಲು ಹೇಳಿದ್ದಲ್ಲ. ಕೇಳಿದರು, ಇದ್ದದ್ದನ್ನು ಹೇಳಿದಳು. ಪಕ್ಕದ ಮನೆಯವರು ತಲೆ ಎತ್ತಲಿಲ್ಲ. ಅಕ್ಕುವಿನ ನಗು ಮುಖದಲ್ಲೇ ಉಳಿದು, ಆಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಹೋಯಿತು. ರೈಗಳ ಬೆರಳುಗಳ ನಡುವೆ ಕಲಸಿದ ಅನ್ನ ಇತ್ತು. ಅವರು ಅದನ್ನು ಬಾಯಿಗೆ ಇಡಲಿಲ್ಲ, ಎಲೆಗೂ ಬಿಡಲಿಲ್ಲ.

“ನಿನಗೆ ಬೆಳಿಗ್ಗೆಯೇ ಗೊತ್ತಿತ್ತಾ?” ಎಂದರು ಕಡೆಗೆ.

“ಹೌದು.”

“ಕೆಮ್ಮೈರನನ್ನು ಕೊಯ್ಯುವ ಮೊದಲು?”

“ಹೌದು ಮಾವ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಹೇಳ್ಬೇಕು ಅಂತ ಬಂದೆ. ಆಗ್ಲಿಲ್ಲ. ನಾನು ಮೀನು ತಿನ್ಲಿ, ನೀವು ಅಂಕಕ್ಕೆ ಹೋಗ್ಲಿ ಅಂತ ಅವ ಹಾಗೆ ಫೋನು ಮಾಡಿದ್ದಂತೆ. ನಮ್ಮ ಹರಕೆ ಅವನಿಗೆ ಗೊತ್ತಾಗಿದೆ.”

ಬೊಬ್ಬೆ ಬರುತ್ತದೆ ಎಂದು ಎಲ್ಲರೂ ಕಾದರು. ಬಂದಿದ್ದರೆ ಒಳ್ಳೆಯದಿತ್ತು, ಆ ಮನೆಯಲ್ಲಿ ಎಲ್ಲರಿಗೂ ಅದು ಅಭ್ಯಾಸ. ರೈಗಳು ಕೈಯಲ್ಲಿದ್ದ ತುತ್ತನ್ನು ಬಾಯಿಗಿಟ್ಟು ತುಂಬ ಹೊತ್ತು ಜಗಿದರು. ತಾವೇ ಸಾಕಿದ ಹುಂಜ. ನುಂಗಿದ ಮೇಲೆ, “ಉಣ್ಣು ಪಂಕಜಾ. ಒಪ್ಪಿಸಿ ಆಯ್ತಲ್ಲ. ಅಮ್ಮನಿಗೆ ಗೊತ್ತಿಲ್ಲದ್ದು ಎಂತ ಉಂಟು?” ಎಂದರು. ಪಂಕಜಾಕ್ಷಿ ತುಂಡನ್ನು ಮುರಿದು ಬಾಯಿಗೆ ಇಟ್ಟಳು. ಉಪ್ಪು ಸರಿಯಾಗಿತ್ತು. ಅದರ ಆಚೆ ಬೇರೆ ಏನೂ ಅವಳ ನಾಲಿಗೆಗೆ ತಿಳಿಯಲಿಲ್ಲ.

ಅದರ ನಂತರ ಆ ಮನೆಯಲ್ಲಿ ಈ ವಿಷಯ ಯಾರೂ ಎತ್ತಲಿಲ್ಲ. ಸರ್ವೋತ್ತಮನನ್ನು ಬಾ ಎಂದೂ ಕರೆಯಲಿಲ್ಲ. ಪೇಟೆಯಲ್ಲಿ ಯಾರೋ, “ರೈಗಳೇ, ಅಳಿಯನಿಗೆ ಎಂತ ಕೆಲಸ?” ಎಂದದ್ದಕ್ಕೆ ರೈಗಳು, “ಅಡಿಗೆ. ಕಷ್ಟದ ಕೆಲಸ ಮಾರಾಯ್ರೆ, ನಿಮ್ಮಿಂದ ಆಗುದಿಲ್ಲ” ಎಂದು ಹೇಳಿ ಮುಂದೆ ಹೋದರಂತೆ. ಪಂಜದಲ್ಲಿ ದೊಡ್ಡ ಅಂಕ ಆಯಿತು, ಅದಕ್ಕೆ ಹೋಗಲಿಲ್ಲ. ಯಾಕೆಂದು ಕೇಳಿದವರಿಗೆ ಹುಂಜ ಇಲ್ಲ ಎಂದರು.

ಕುಂಞಿ ಮೋನುವಿನ ರಜೆ ಮುಗಿಯಿತು. ಹೊರಡುವ ಹಿಂದಿನ ದಿನ ಕಟ್ಟು ತೆಗೆದುಕೊಂಡು ಹೋಗಲು ಅವನೇ ಬಂದ. ಈ ಸಲದ ಕಟ್ಟು ಒಬ್ಬನಿಗಲ್ಲ, ಇಡೀ ರೂಮಿಗೆ. ಸಾರಿನ ಪುಡಿ ಬೇರೆ, ಮೀನಿನದು ಬೇರೆ, ಕೋಳಿಯದು ಬೇರೆ. ಯಾವುದಕ್ಕೆ ಎಷ್ಟು ನೀರು, ಹುಳಿ ಯಾವಾಗ ಹಾಕುವುದು ಎಂದು ಪಂಕಜಾಕ್ಷಿ ಅವನಿಗೆ ಹೇಳಿ ಹೇಳಿ ಬಾಯಿಪಾಠ ಮಾಡಿಸಿದಳು. ಜಗಲಿಯ ತುದಿಯಲ್ಲಿ ರೈಗಳು ಕೂತು ಹಾಳೆಯ ಕಟ್ಟು ಬಿಗಿಯುತ್ತಿದ್ದರು. ಬಾಳೆನಾರಿನಿಂದ ಅಲ್ಲ, ಹುಂಜದ ಕಾಲಿಗೆ ಬಾಳು ಕಟ್ಟುತ್ತಿದ್ದ ದಪ್ಪ ನೂಲಿನಿಂದ. ಆ ಗಂಟು ಎಂಥ ಜಗಳದಲ್ಲೂ ಬಿಚ್ಚಿದ್ದಿಲ್ಲ.

“ಅಕ್ಕ, ಅವ ಕೇಳಿದ್ದಕ್ಕೆ ನಾನು ಎಂತ ಹೇಳುದು?” ಎಂದ ಕುಂಞಿ ಮೋನು.

“ಕೂತ್ಕೋ” ಎಂದಳು ಪಂಕಜಾಕ್ಷಿ.

ಒಳಗೆ ಹೋದವಳು ಬಟ್ಟಲು ಹಿಡಿದುಕೊಂಡು ಹೊರಗೆ ಬಂದಳು. ಬಟ್ಟಲಿನಲ್ಲಿ ಕುಚ್ಚಲಕ್ಕಿ ಅನ್ನ, ಕಾಯಿಸಿದ ಬೂತಾಯಿ ಎರಡು. ಹೊರಗಿನ ಗಂಡಸಿನ ಎದುರು ಜಗಲಿಯಲ್ಲಿ ಕೂತು ಉಣ್ಣುವುದು ಆ ಮನೆಯ ಹೆಂಗಸರ ಕ್ರಮವಲ್ಲ. ರೈಗಳು ಕಣ್ಣೆತ್ತಿ ನೋಡಿದರು, ಏನೂ ಹೇಳದೆ ಗಂಟಿಗೆ ಇನ್ನೊಂದು ಸುತ್ತು ಹಾಕಿದರು. ಪಂಕಜಾಕ್ಷಿ ಕುಂಞಿ ಮೋನುವಿನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ಮೀನಿನ ನಡುಮುಳ್ಳು ಬಿಡಿಸಿ, ತುಂಡು ಮುರಿದು, ಅನ್ನದ ಜೊತೆ ಬಾಯಿಗೆ ಇಟ್ಟಳು. ಅಗೆಲಿನ ಮರುದಿನದಿಂದಲೂ ಅವಳು ಹೀಗೇ ದಿನಾ ತಿನ್ನುತ್ತಿದ್ದಳು, ಕಷಾಯ ಕುಡಿಯುವವರ ಹಾಗೆ, ಒಂದು ದಿನವೂ ತಪ್ಪಿಸದೆ. ರುಚಿ ಹಿಂದೆ ಬಂತೆಂದರೆ ಸುಳ್ಳು.

“ನೋಡಿದಿಯಲ್ಲ?” ಎಂದಳು.

“ನೋಡಿದೆ ಅಕ್ಕ.”

“ಹಾಗಾದ್ರೆ ನೋಡಿದ್ದನ್ನೇ ಹೋಗಿ ಹೇಳು. ಸೇರಿಸಿ ಎಂತ ಹೇಳುದು ಬೇಡ.”

ಕುಂಞಿ ಮೋನುವಿಗೆ ಎದ್ದು ಹೋಗಬೇಕೋ ಕೂತಿರಬೇಕೋ ತಿಳಿಯಲಿಲ್ಲ. ಅವಳು ಎರಡನೆಯ ಮೀನನ್ನೂ ಮುಳ್ಳು ಬಿಡಿಸಿ ತಿಂದು ಮುಗಿಸುವವರೆಗೆ ಅವನು ಅಲ್ಲೇ ಕೂತಿದ್ದ.